ಕಾಲುವೆಯ ಸೆರಗು

ಕಳೆದ ತಿಂಗಳು ರಾಯಚೂರಿನಿಂದ ಪೋತ್ನಾಳಕ್ಕೆ ಹೋಗುವಾಗ ಮಾನ್ವಿ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಸೆಕೆ ತಾಳಲಾರದೆ ಕಿಟಕಿಯ ಗಾಜು ಸರಿಸಿದೆ. ನಾಟಿಗೆ ಕಲಸಿಟ್ಟ ಗದ್ದೆಯ ವಾಸನೆ ಒಳಗೆ ನುಗ್ಗಿತು. ನೆನೆದ ಗೊಬ್ಬರ, ಕೊಳೆತ ಕೂಳೆ, ಅದರ ಮೇಲೆ ಆಗಷ್ಟೇ ಕಿತ್ತ ಸಸಿಯ ಹಸಿ ಹಸಿ ಕಂಪು. ಬಹಳ ಜನರಿಗೆ ಅದು ಹಿತವಾದ ವಾಸನೆ. ನನಗೆ ಮಾತ್ರ ಆಗದು, ಮೂಗು ಮುಚ್ಚಿಕೊಂಡೆ. ಪಕ್ಕದ ಸೀಟಿನ ಅಜ್ಜಿ ನನ್ನ ಮುಖ ನೋಡಿ, "ವಾಂತಿ ಬರಾಕತ್ತದೇನ್ ಬೇ? ಲಿಂಬಿಹಣ್ಣು ಅದ, ತಗೋ, ಮೂಸಿ ನೋಡು" ಎಂದು ಚೀಲಕ್ಕೆ ಕೈಹಾಕಿದಳು. ವಾಂತಿಯಲ್ಲ ಅಜ್ಜಿ, ಒಂದು ಮಳೆಗಾಲ ಗಂಟಲಿಗೆ ಬಂದಿದೆ ಎಂದು ಹೇಳಲಾದೀತೆ? ಸುಮ್ಮನೆ ಹಣ್ಣು ಇಸಿದುಕೊಂಡು ಮೂಸಿದೆ.

ಆ ವರ್ಷ ನಾನು ರಾಯಚೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಕಾಯಂ ನೌಕರಿಯಲ್ಲ, ಪ್ರತಿ ಬೇಸಿಗೆಯಲ್ಲೂ ಆಡಳಿತ ಮಂಡಳಿಯವರ ಮನಸ್ಸು ಬಂದರೆ ಮುಂದುವರಿಸುತ್ತಿದ್ದರು, ಬಾರದಿದ್ದರೆ ಇಲ್ಲ. ಆದರೂ ನಮ್ಮ ಮನೆತನದಲ್ಲಿ ನೆರಳಲ್ಲಿ ನಿಂತು ಮಾಡುವ ಕೆಲಸ ಎಂದು ಸಿಕ್ಕಿದ್ದು ನನಗೇ ಮೊದಲು. ನಮ್ಮೂರು ದೇವದುರ್ಗ ತಾಲ್ಲೂಕಿನಲ್ಲಿ, ಮಸರಕಲ್ ಹತ್ತಿರ. ಅಲ್ಲಿನ ನಮ್ಮ ಮನೆಯ ಗೋಡೆಗೆ ನೀಲಿ ಕೋಟಿನ ಬಾಬಾಸಾಹೇಬರ ಫೋಟೊ, ಅದರ ಕೆಳಗೆ ಘಟಿಕೋತ್ಸವದ ಕಪ್ಪು ಗೌನು ತೊಟ್ಟ ನನ್ನ ಫೋಟೊ. ಅವ್ವ ಹುಲಿಗೆವ್ವ ಊದಿನಕಡ್ಡಿ ಹಚ್ಚಿದರೆ ಎರಡಕ್ಕೂ ತೋರಿಸುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು, ಬೇಡ ಎಂದರೆ ಕೇಳುತ್ತಿರಲಿಲ್ಲ.

ಅವ್ವ ನಾಟಿ ಹಚ್ಚುವ ಹೆಂಗಸರ ಗುಂಪಿನ ಮುಂದಾಳು. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಗುಂಪು ಕ್ರೂಸರ್ ಗಾಡಿ ಹತ್ತಿ ಮಾನ್ವಿ ಕಡೆ ಹೋಗುತ್ತಿತ್ತು. ನಾಟಿ ಮುಗಿಯುವ ತನಕ ಅಲ್ಲೇ ವಸತಿ. ಯಾರದಾದರೂ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಮಲಗುವುದು, ಮೂರು ಕಲ್ಲು ಹೂಡಿ ಅಲ್ಲೇ ರೊಟ್ಟಿ ಬಡಿಯುವುದು. ಬೆಳಗಿನಿಂದ ಸಂಜೆವರೆಗೆ ಮೊಣಕಾಲು ಮಟ್ಟದ ಕೆಸರಿನಲ್ಲಿ ಬಗ್ಗಿ ನಿಲ್ಲುವ ಕೆಲಸ ಅದು. ಹಾಡದೆ ಹೋದರೆ ನಡು ಮುರಿದು ಹೋಗುತ್ತದೆ ಎನ್ನುತ್ತಿದ್ದಳು ಅವ್ವ. ಅವಳು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನು ಹಿಡಿದು ಮುಂದೆ ನಡೆಸುತ್ತಿದ್ದರು.

ಈ ಹಾಡಿಗೆ ಒಂದು ರಿವಾಜು ಇದೆ. ಒಬ್ಬ ಯಜಮಾನನ ಗದ್ದೆಯ ನಾಟಿ ಮುಗಿಯುವ ದಿನ ಹೆಂಗಸರು ಅವನನ್ನು ಬದುವಿನ ಮೇಲೆ ಅಡ್ಡಗಟ್ಟುತ್ತಾರೆ. ಕೈಯಲ್ಲಿ ಒಂದೊಂದು ಸಸಿಯ ಕಂತೆ. ಅವನ ಜಿಪುಣತನ, ಅವನ ಹೊಟ್ಟೆ, ಅವನ ಹೆಂಡತಿಗೆ ಅವನು ಹೆದರುವುದು, ಎಲ್ಲವನ್ನೂ ಹೆಸರು ಹಿಡಿದೇ ಹಾಡುತ್ತಾರೆ. ಅವನು ನಗಬೇಕು, ಬೆಲ್ಲ ಕೊಬ್ಬರಿ ಎಲೆಅಡಿಕೆ ಕೊಟ್ಟು ದಾರಿ ಬಿಡಿಸಿಕೊಳ್ಳಬೇಕು. ಸಿಟ್ಟಾದ ಯಜಮಾನನ ಮಾನ ಮುಂದಿನ ಊರಿನಲ್ಲಿ ಹೋಗುತ್ತದೆ. ವರ್ಷವಿಡೀ "ಹ್ಞೂಂ ರೀ ಧಣಿ" ಎನ್ನುವ ಬಾಯಿಗಳಿಗೆ ಆ ಒಂದು ಗಳಿಗೆ ಮಾತ್ರ ಪರವಾನಗಿ. ಒಂದೇ ತಮಾಷೆ ಎಂದರೆ, ಗಂಡಸರು ಆ ಹಾಡಿನ ಶಬ್ದಗಳನ್ನು ಕೇಳುವುದೇ ಇಲ್ಲ. ಹೆಂಗಸರು ಏನೋ ಹಾಡುತ್ತಿದ್ದಾರೆ ಎಂದು ನಗುತ್ತಾರೆ, ಬೆಲ್ಲ ಕೊಡುತ್ತಾರೆ, ಹೋಗುತ್ತಾರೆ.

ಆ ಮಳೆಗಾಲ ಗುಂಪು ಮೊದಲು ಹೋದದ್ದು ಕಾಲುವೆಯ ಕೆಳಭಾಗದ ಊರಿಗೆ. ಅಲ್ಲಿ ಸಸಿಮಡಿಗಳು ಹಳದಿಯಾಗಿ ನಿಂತಿದ್ದವು, ಗದ್ದೆಗೆ ನೀರೇ ಇಲ್ಲ. ಇವತ್ತು ಬಂದೀತು ನಾಳೆ ಬಂದೀತು ಎಂದು ರೈತರು ಕಾಲುವೆ ಇಣುಕಿ ನೋಡುವುದು, ಇವರು ಗಿಡದ ಕೆಳಗೆ ಕೂರುವುದು. ಕೊನೆಗೆ ರೈತರೇ ಕೈಮುಗಿದು, "ಬ್ಯಾರೆ ಕಡೆ ನೋಡ್ಕೋರಿ ತಾಯೇರ" ಎಂದು ಕಳಿಸಿದರು. ಹಾಗೆ ಬಂದು ಬಿದ್ದದ್ದು ಮೇಲ್ಭಾಗದ ಸಾವ್ಕಾರರ ಗದ್ದೆಗೆ. ಅಲ್ಲಿ ನೀರು ಬದು ಮೀರಿ ಹರಿಯುತ್ತಿತ್ತು. ಕಾಲುವೆಯ ದಂಡೆಗೆ ಸಾಲಾಗಿ ಮೋಟಾರು ಕೂಡಿಸಿದ್ದನ್ನು ಎಲ್ಲರೂ ನೋಡಿದ್ದರು, ಕೇಳಿದರೆ ಯಾರೂ ನೋಡಿರಲಿಲ್ಲ. ಸಾವ್ಕಾರರಿಗೆ ಎರಡು ಗಿರಣಿ, ಹಣೆತುಂಬ ವಿಭೂತಿ, ಶ್ರಾವಣ ಮಾಸವಿಡೀ ಮಠದಲ್ಲಿ ದಾಸೋಹ. ಮುಂದೆ ಬರುವ ಚುನಾವಣೆಗೆ ನಿಲ್ಲುವವರಿದ್ದರು.

ನಾಟಿ ಮುಗಿದ ದಿನ ಬದುವಿನ ಮೇಲೆ ಸಾವ್ಕಾರರು ಬಂದು ನಿಂತರು. ಅವರ ಜೊತೆ ವೀರೇಶ ಎಂಬ ಸೋದರಳಿಯ; ಪ್ರಚಾರದ ಉಸ್ತುವಾರಿ ಅವನದು, ಕೈಯಲ್ಲಿ ಸದಾ ಫೋನು. ದುಡಿಯುವ ಹೆಣ್ಣುಮಕ್ಕಳ ನಡುವೆ ಜನನಾಯಕ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ದೃಶ್ಯ ಸಿಗದು ಎಂದು ವಿಡಿಯೊ ಮಾಡಿದ. ಸಾವ್ಕಾರರು ನಗುತ್ತಿದ್ದಾರೆ, ಕೈ ಮುಗಿಯುತ್ತಿದ್ದಾರೆ, ಹಿಂದೆ ಇನ್ನೂ ಕೊನೆಯ ಸಾಲು ಹಚ್ಚುತ್ತಿರುವ ಹೆಂಗಸರ ಬಗ್ಗಿದ ಬೆನ್ನುಗಳು. ಅದನ್ನು ತಾನೇ ಊರೂರಿನ ಗ್ರೂಪುಗಳಿಗೆ ಹಾಕಿದ. ಅಡ್ಡಗಟ್ಟುವ ಮೊದಲೇ ಹೆಂಗಸರು ಎತ್ತಿದ್ದ ಹಾಡಿನ ಶಬ್ದ ಅವನು ಕೇಳಿಸಿಕೊಂಡಿರಲಿಲ್ಲ, ಅಷ್ಟೇ.

ಕಾಲುವಿ ಬಂದಾಳ ಕಲಕಲ ನಕ್ಕೋತ
ನಡುದಾರ್ಯಾಗ ನಿಂತಾಳ ಯಾಕವ್ವ?
ಸಾವ್ಕಾರ್ರ ಮೋಟ್ರು ಸೆರಗ ಹಿಡಿದಾವ
ಕೆಳಗಿನ ಊರಿಗಿ ಹೆಂಗ ಬರಲವ್ವ?

ನಾನು ಅದನ್ನು ಮೊದಲು ಕೇಳಿದ್ದು ಕಾಲೇಜಿನ ಸ್ಟಾಫ್ ರೂಮಿನಲ್ಲಿ. ಅಲ್ಲಿ ನಮಗೊಂದು ಪದ್ಧತಿ ಇತ್ತು. ಆಡಳಿತ ಮಂಡಳಿಯ ಬಗ್ಗೆಯೋ ರಾಜಕೀಯದ ಬಗ್ಗೆಯೋ ಯಾರಾದರೂ ಬಾಯಿ ತೆರೆದರೆ ಗಣಿತದ ಖಾಜಾ ಸರ್ ಎದ್ದು ಫ್ಯಾನನ್ನು ಐದಕ್ಕೆ ತಿರುಗಿಸುತ್ತಿದ್ದರು. ಅದು ಹಳೆಯ ಫ್ಯಾನು, ಐದಕ್ಕೆ ಇಟ್ಟರೆ ಹೊರಗೆ ನಿಂತವರಿಗೆ ಒಳಗಿನ ಮಾತು ಕೇಳುತ್ತಿರಲಿಲ್ಲ. ಕ್ರಮೇಣ ಒಳಗಿದ್ದ ನಮಗೂ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ, ಮಾತಾಡುವ ಚಟವೇ ಬಿಟ್ಟುಹೋಯಿತು. ಚಳಿಗಾಲದಲ್ಲೂ ಶಾಲು ಹೊದ್ದು ಆ ಫ್ಯಾನಿನ ಕೆಳಗೆ ಕೂತ ಮೇಧಾವಿಗಳು ನಾವು.

ಅವತ್ತು ಇತಿಹಾಸದ ಮೇಡಂ ವಿಡಿಯೊ ಹಚ್ಚಿ, "ಸೆರಗ ಬಿಡ್ರಿ ಸಾವ್ಕಾರ್ರ ಅಂತ ಹುಡುಗ್ರು ಕ್ಲಾಸಿನ್ಯಾಗ ಒದರಾಕತ್ತಾರ" ಎಂದು ನಕ್ಕರು. ಎಲ್ಲರೂ ಬಗ್ಗಿ ನೋಡಿದರು. ಪರದೆಯ ಮೇಲೆ ಬರೀ ಬೆನ್ನುಗಳು, ಯಾರ ಮುಖವೂ ಇಲ್ಲ. ನನಗೆ ಮುಖ ಬೇಕಾಗಿರಲಿಲ್ಲ. ತೊಟ್ಟಿಲಲ್ಲಿ ಕೇಳಿದ ದನಿ ಅದು. ಸಾವ್ಕಾರರು ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದಾರೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಡಿದವಳು ನನ್ನ ಅವ್ವ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಚಹಾದ ಲೋಟವನ್ನು ಮೇಜಿನ ಮೇಲಿಟ್ಟೆ. ಖಾಜಾ ಸರ್ ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನೆ ಎದ್ದುಹೋಗಿ ಫ್ಯಾನನ್ನು ಐದಕ್ಕೆ ಇಟ್ಟರು.

ಭಾನುವಾರ ಓಡಿದೆ ಸಾವ್ಕಾರರ ಗಿರಣಿಗೆ. ಇನ್ನೊಂದು ಕಡೆಯ ಗದ್ದೆಗಳು ಬಾಕಿ ಇದ್ದುದರಿಂದ ಗುಂಪು ಇನ್ನೂ ಸಾವ್ಕಾರರ ಗೋದಾಮಿನಲ್ಲೇ ಇತ್ತು. ವೀರೇಶ ಅವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದ್ದನಂತೆ, ಮುಂದೆ ಹಾಡಿದವಳು ಯಾರು ಎಂದು. ಅವ್ವನ ಜೊತೆಗಾತಿ ದುರುಗಮ್ಮ ನನಗೆ ನಟಿಸಿ ತೋರಿಸಿದಳು. "ನಾ ಏನಂದೆ ಗೊತ್ತದೇನು? ಬಗ್ಗಿ ನಿಂತವ್ರಿಗಿ ಯಾರ ಬಾಯಿ ಯಾರಿಗಿ ಕಾಣ್ತದ್ರೀ ಅಂದೆ. ಗುಬ್ಬಿ ಹಾಡಿತೋ ಏನೋ ಕೇಳಿ ನೋಡ್ರಿ ಅಂದೆ." ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅವ್ವ ನಗಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ನಿಮ್ಮ ಕಾಲೇಜಿಗಿ ಅವರೂ ಧಣಿ ಏನ್ ಬೇ?"

"ಹ್ಞೂಂ ಯವ್ವಾ."

"ಮೊದಲಽ ಯಾಕ ಹೇಳ್ಲಿಲ್ಲ?"

ಹೇಳಿದ್ದರೆ ಹಾಡುತ್ತಿರಲಿಲ್ಲ ಎಂಬುದು ಅವಳ ಮುಖದ ಮೇಲಿತ್ತು. ತಟ್ಟಿದ ರೊಟ್ಟಿ ಹರಿದುಹೋಯಿತು, ಮತ್ತೆ ಮುದ್ದೆ ಮಾಡಿದಳು, ಅದೂ ಹರಿಯಿತು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಇಲ್ಲ ಎನ್ನಲಾರೆ. ಇಷ್ಟು ಊರುಗಳಲ್ಲಿ ಇಷ್ಟು ಗದ್ದೆಗಳಿರುವಾಗ ಇದೇ ಗದ್ದೆಯಲ್ಲಿ ಇದೇ ಹಾಡು ಹಾಡಬೇಕಿತ್ತೇ ಎಂದು. ಹಾಗೆ ಸಿಟ್ಟಾಗುತ್ತಲೇ, ಎಂಥ ಸಾಲು ಕಟ್ಟಿದ್ದಾಳೆ ಎಂದು ಒಳಗೊಳಗೆ ಹಿಗ್ಗೂ ಆಗಿತ್ತು. ಇಷ್ಟು ವರ್ಷ ನಾನು ಮಕ್ಕಳಿಗೆ ಪದ್ಯ ಕಲಿಸಿದ್ದರಲ್ಲಿ ಒಂದು ಸಾಲಾದರೂ ಹೀಗೆ ಊರಿನ ಬಾಯಿಗೆ ಹತ್ತಿರಲಿಲ್ಲ.

ಹಾಡಿದವಳ ಹೆಸರನ್ನು ಗುಂಪಿನ ಒಬ್ಬಳೂ ಬಿಟ್ಟುಕೊಡಲಿಲ್ಲ. ಆದರೆ ಗುಂಪು ಯಾವ ಊರಿನದು, ಮುಂದಾಳು ಯಾರು, ಅವಳ ಮಗಳು ಎಲ್ಲಿ ಕೆಲಸ ಮಾಡುತ್ತಾಳೆ ಎಂಬುದನ್ನು ತಿಳಿಯಲು ಹಾಡಿದವಳ ಹೆಸರು ಬೇಕಾಗುವುದಿಲ್ಲ. ಪ್ರಾಂಶುಪಾಲರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ. ನನ್ನ ಪಾಠವನ್ನು ಹೊರಗೆ ನಿಂತು ಕೇಳಿ ಮೆಚ್ಚಿದವರು. ಬಾಗಿಲು ಹಾಕಿದರು, ತಮ್ಮ ಫೋನನ್ನು ಬೋರಲು ಮಾಡಿಟ್ಟರು, ನನ್ನದನ್ನೂ ಬೋರಲು ಇಡುವಂತೆ ಸನ್ನೆ ಮಾಡಿದರು.

"ಮೇಡಂ, ನಾ ನಿಮಗ ಏನೂ ಹೇಳಿಲ್ಲ, ನೀವು ಏನೂ ಕೇಳಿಲ್ಲ. ಸರಿ ಅಲ್ರಿ?"

"ಸರಿ ಸರ್."

"ಅವ್ರಿಗಿ ಸಿಟ್ಟಿಲ್ಲ. ಇನ್ನೊಂದು ಹಾಡು ಹಾಡಿಬಿಟ್ರ ಮುಗೀತು ಅಂತಾರ. ಅದಽ ಗುಂಪು, ಅದಽ ಗದ್ದಿ. ಹಾಡು ಬರಸ್ಯಾರ." ಮೇಜಿನ ಮೇಲೆ ಒಂದು ಕಾಗದ ಸರಿಸಿದರು. "ಹೆಣ್ಮಕ್ಕಳಿಗಿ ಓದಾಕ ಬರಂಗಿಲ್ಲಂತ. ನೀವು ಹೋಗಿ ಒಂದೊಂದು ಸಾಲು ಹೇಳಿಕೊಡ್ರಿ, ಅವ್ರು ಹಿಂದ ಹಾಡ್ತಾರ."

"ನಾನಾ ಸರ್?"

"ಮುಂದಿನ ವರ್ಷಾನೂ ನೀವು ಇಲ್ಲೇ ಇರ್ಬೇಕಂತ ನನ್ನ ಆಸೆ ಮೇಡಂ." ಇಷ್ಟು ಹೇಳಿ ಕನ್ನಡಕ ತೆಗೆದು ಒರೆಸತೊಡಗಿದರು. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಅವ್ವನಿಗೆ ಫೋನು ಮಾಡಿದೆ. ಬೈಯುತ್ತಾಳೆ, ಕಾಗದ ಹರಿದೊಗಿ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು, "ಬಾ, ಹೇಳಿಕೊಡು. ಹಾಡಿದರಾತು. ಬಾಯಿಗೇನು ಸವಕಳಿ" ಎಂದಳು. ಅವಳು ಒಪ್ಪಿದ್ದು ನನ್ನ ನೌಕರಿಗಾಗಿ. ನಾನು ಹೊರಟದ್ದು ಅವಳ ಗುಂಪಿನ ಸೀಜನ್ನಿಗಾಗಿ; ಸಾವ್ಕಾರರು ಒಮ್ಮೆ ಬೇಡ ಎಂದರೆ ಆ ಸೀಮೆಯಲ್ಲಿ ಯಾವ ಗದ್ದೆಯವರೂ ಅವರನ್ನು ಕರೆಯುತ್ತಿರಲಿಲ್ಲ. ಹೀಗೆ ಒಬ್ಬರಿಗಾಗಿ ಒಬ್ಬರು ಹೆದರಿ ಇಬ್ಬರೂ ತಯಾರಾದೆವು.

ವೀರೇಶನ ಜೀಪಿನಲ್ಲಿ ಹೋದೆ. ದಾರಿಯುದ್ದಕ್ಕೂ ಅವನು ನನ್ನೊಂದಿಗೆ ಬಹಳ ಮರ್ಯಾದೆಯಿಂದ ಮಾತಾಡಿದ, ಎರಡು ಸಲ ಎಳನೀರು ಬೇಕೇ ಎಂದು ಕೇಳಿದ. ಅವನು ಬೈದಿದ್ದರೆ ಒಳ್ಳೆಯದಿತ್ತು. ಮೋಡ ಕವಿದು ಗಾಳಿ ಕಟ್ಟಿದ ಮಧ್ಯಾಹ್ನ. ಬದುವಿನ ಪಕ್ಕದ ರಸ್ತೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸಾವ್ಕಾರರು ಕೂತಿದ್ದರು. ಹೆಂಗಸರು ನೀರಿನಲ್ಲಿ ಸಾಲಾಗಿ ನಿಂತಿದ್ದರು, ನಡುವೆ ಅವ್ವ. ಈ ಸಲ ಯಾರೂ ಬಗ್ಗಿರಲಿಲ್ಲ. ಮುಖ ಕಾಣಬೇಕು ಎಂದು ವೀರೇಶ ನಿಲ್ಲಿಸಿದ್ದ. ಕೈಯಲ್ಲಿ ಸಸಿ ಹಿಡಿದು ನೆಟ್ಟಗೆ ನಿಂತ ಹೆಂಗಸರನ್ನು ನಾನು ಅಲ್ಲಿಯತನಕ ನೋಡಿಯೇ ಇರಲಿಲ್ಲ. ಯಾರನ್ನೋ ಹಿಡಿದು ತಂದು ನಿಲ್ಲಿಸಿದ ಹಾಗಿತ್ತು.

ಸಾವ್ಕಾರರು ಕೂತಲ್ಲಿಂದಲೇ ಕೈಮುಗಿದರು. "ಹುಲಿಗೆವ್ವ, ನನಗ ಖರೇನ ಸಿಟ್ಟಿಲ್ಲ ನೋಡವ್ವಾ. ಹಾಡು ನಿಮ್ಮದು, ಹೆಸರು ನಂದು. ಕೆಸರು ಹತ್ತ್ಯದ, ತೊಳದು ಕೊಡ್ರಿ. ಅಷ್ಟಽ."

ಅವ್ವ ತಲೆ ಅಲ್ಲಾಡಿಸಿದಳು. ವೀರೇಶ ಫೋನು ಎತ್ತಿ ಹಿಡಿದು, "ಮೇಡಂ, ಶುರು ಮಾಡ್ರಿ" ಎಂದ. ನಾನು ಬದುವಿನ ಮೇಲೆ ನಿಂತು ಮೊದಲ ಸಾಲು ಓದಿದೆ.

"ಮಾತು ಕೊಟ್ಟ ನಮ್ಮ ಧಣಿಯು ತಾಯಿಯಂತೆ, ತಂದೆಯಂತೆ."

ಅವ್ವ ಅದನ್ನು ಎತ್ತಿಕೊಂಡಳು. ಉಳಿದವರು ಹಿಂದೆ ಹಾಡಿದರು. ರಾಗವೇನೋ ಅದೇ. ಆದರೆ ಆ ದನಿ! ಅಪ್ಪ ಸತ್ತಾಗ ಎದೆ ಎದೆ ಬಡಿದುಕೊಂಡು ಅತ್ತಾಗಲೂ ಅವ್ವನ ದನಿಯಲ್ಲಿ ಜೀವ ಇತ್ತು. ಇದರಲ್ಲಿ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ನಾವು "ಗುಡ್ ಮಾರ್ನಿಂಗ್ ಸರ್" ಎನ್ನುವ ದನಿ ಅದು. ಅದು ನನ್ನದು, ನನ್ನ ಕಾಲೇಜಿನದು. ಅವಳ ಗಂಟಲಿಗೆ ಅದನ್ನು ತಂದುಕೊಟ್ಟವಳು ನಾನು. ಅವ್ವ ನನ್ನ ಕಡೆ ನೋಡುತ್ತಿರಲಿಲ್ಲ. ಕಾಲ ಬುಡದ ನೀರನ್ನು ನೋಡುತ್ತಿದ್ದಳು.

ಎರಡನೆಯ ಸಾಲಿನ ಮೇಲೆ ಕಣ್ಣು ಇಟ್ಟೆ. 'ಕೊನೆಯ ಊರಿಗೂ ನೀರು ಬಂತು ಧಣಿಯ ದಯದಿಂದ.'

"ಓದ್ರಿ ಮೇಡಂ," ಎಂದ ವೀರೇಶ.

ಬಾಯಿ ತೆರೆದೆ. ಮತ್ತೆ ಆ ಸಾಲನ್ನೇ ಕಣ್ಣಲ್ಲಿ ಓದಿದೆ. ಹಿಂದಿನ ಭಾನುವಾರ ಗಿರಣಿಗೆ ಬರುವಾಗ ಕೆಳಭಾಗದ ಆ ಊರಿನ ಮೇಲೇ ಬಂದಿದ್ದೆ. ನೀರಿಲ್ಲದೆ ಒಣಗಿದ ಸಸಿಮಡಿಗೆ ದನ ಬಿಟ್ಟಿದ್ದರು.

"ಮೇಡಂ, ರೆಕಾರ್ಡ್ ಆಗಾಕತ್ತದ. ಓದ್ರಿ."

"ಈ ಸಾಲು ನಾ ಓದಂಗಿಲ್ಲ," ಎಂದೆ.

"ಯಾಕ್ರಿ?"

"ನೀರು ಬಂದಿಲ್ಲ."

ಅಷ್ಟೇ ನಾನು ಹೇಳಿದ್ದು. ಭಾಷಣ ಮಾಡಲಿಲ್ಲ, ಮುಷ್ಟಿ ಎತ್ತಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಚಿದೆ. ಆಗ ಚೀರಿದವಳು ಅವ್ವ. "ಓದು ಬೇ! ಓದು! ನಿನ್ನ ಕಾಲಿಗಿ ಬೀಳ್ತೀನಿ, ಓದಿಬಿಡು!" ಸಣ್ಣವಳಿದ್ದಾಗ ಒಲೆಯ ಮುಂದೆ ಕೂತು ಓದು ಓದು ಎಂದು ಬೈಯುತ್ತಿದ್ದವಳು, ಈಗ ಕೆಸರು ಎರಚಿಕೊಂಡು ನನ್ನ ಕಡೆ ಓಡಿ ಬರುತ್ತಿದ್ದಳು. ಸಸಿಯ ಕಂತೆ ಅವಳ ಕೈಯಿಂದ ನೀರಿಗೆ ಬಿತ್ತು. ಉಳಿದ ಹೆಂಗಸರು ನಿಂತಲ್ಲೇ ನಿಂತಿದ್ದರು. ದುರುಗಮ್ಮ ಮಾತ್ರ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಖರೇನ ಅದ ಅಲ್ರಿ, ಬಂದಿಲ್ಲಲ್ಲ" ಎಂದಳು.

ವೀರೇಶ ಫೋನು ಇಳಿಸಿದ. ಸಾವ್ಕಾರರು ಎದ್ದು ಧೋತರ ಕೊಡವಿಕೊಂಡರು. ದನಿ ಏರಿಸಲಿಲ್ಲ. "ಆತು ಮೇಡಂ, ನಿಮಗ ತ್ರಾಸು ಕೊಟ್ಟಿವಿ" ಎಂದು ನನಗೆ ಕೈಮುಗಿದು ಜೀಪು ಹತ್ತಿದರು. ಜೀಪು ಹೋದ ಮೇಲೆ ದುರುಗಮ್ಮ ನೀರಿಗೆ ಬಿದ್ದಿದ್ದ ಸಸಿಯ ಕಂತೆ ಎತ್ತಿ ಬದುವಿನ ಮೇಲಿಟ್ಟಳು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಇದು ಗೆಲುವಿನ ಕಥೆಯಂತೆ ಕೇಳಿಸೀತು. ಸಾವ್ಕಾರರು ಆ ಚುನಾವಣೆಯಲ್ಲಿ ಗೆದ್ದರು. ಮೋಟಾರುಗಳು ಇದ್ದಲ್ಲೇ ಇದ್ದವು. ಅವ್ವನ ಗುಂಪನ್ನು ಆ ಸೀಮೆಯವರು ಆಮೇಲೆ ಕರೆಯಲಿಲ್ಲ. ಅವರು ಹತ್ತಿ ಬಿಡಿಸಲು ಬೇರೆ ಕಡೆ ಹೋದರು. ನನಗೆ ಇನ್ನೊಂದು ನೌಕರಿ ಸಿಗಲು ಬಹಳ ಕಾಲ ಹಿಡಿಯಿತು. ಖಾಜಾ ಸರ್ ನಡುನಡುವೆ ಫೋನು ಮಾಡುತ್ತಿದ್ದರು. ಹಿನ್ನೆಲೆಯಲ್ಲಿ ಫ್ಯಾನಿನ ಸದ್ದು ಇರುತ್ತಿರಲಿಲ್ಲ, ಕಾಲೇಜಿನ ಹೊರಗೆ ಬೇವಿನ ಮರದ ಕೆಳಗೆ ನಿಂತು ಮಾತಾಡುತ್ತಿದ್ದೇನೆ ಎನ್ನುತ್ತಿದ್ದರು. ಫ್ಯಾನಿಲ್ಲದೆ ಮಾತಾಡುವಷ್ಟಾದರೂ ಧೈರ್ಯ ಅವರಿಗೆ ಬಂದಿತ್ತು ಎನ್ನುವುದೇ ನನಗೆ ಸಮಾಧಾನ.

ಅವತ್ತು ಸಂಜೆಯೊಳಗೆ ಗೋದಾಮು ಖಾಲಿ ಮಾಡಿ ಎಂದು ಹೇಳಿಕಳಿಸಿದರು. ಹೆಂಗಸರು ಹಾಸಿಗೆ, ಪಾತ್ರೆ, ಅರ್ಧ ಚೀಲ ಜೋಳದ ಹಿಟ್ಟು ಕಟ್ಟಿಕೊಂಡು ಕ್ರೂಸರ್ ಹತ್ತಿದರು. ನಾನೂ ಹತ್ತಿದೆ. ಹನಿ ಶುರುವಾಗಿತ್ತು. ಅವ್ವನ ಪಕ್ಕ ನನಗೆ ಜಾಗ ಬಿಟ್ಟಿದ್ದರು, ಆದರೆ ಅವಳು ಮುಖವನ್ನು ಆಚೆ ತಿರುಗಿಸಿ ಕೂತಿದ್ದಳು. ಸಿರವಾರ ದಾಟುವಾಗ ಪ್ರಾಂಶುಪಾಲರ ಫೋನು ಬಂತು. "ನಾಳಿಂದ ಬರೋ ತ್ರಾಸು ತಗೋಬ್ಯಾಡ್ರಿ ಮೇಡಂ" ಎಂದು ಹೇಳಿ ಇಟ್ಟುಬಿಟ್ಟರು.

"ಯಾರದು?" ಎಂದಳು ಅವ್ವ, ಮುಖ ತಿರುಗಿಸದೆ.

"ಕಾಲೇಜಿಂದು."

"ಹೋತಾ?"

"ಹ್ಞೂಂ."

ಅವ್ವ ತಿರುಗಿದಳು. ಕಣ್ಣು ಕೆಂಪಾಗಿದ್ದವು. "ನನ್ನ ಬಾಯಿ ನನ್ನ ಕೂಲಿ ತಿಂತು. ಅದು ನಿನಗ ಬರಬಾರದಂತಽ ನಿನ್ನ ಓದಿಸಿದ್ದೆ ಬೇ ನಾ" ಎಂದಳು. ನನ್ನ ಬೆನ್ನಿಗೆ ಬಲವಾಗಿ ಒಂದು ಗುದ್ದು ಗುದ್ದಿದಳು. ಉಸಿರು ಹಿಡಿದಂತಾಯಿತು. ಗುದ್ದಿದ ಕೈಯನ್ನು ಅವಳು ಊರು ಬರುವ ತನಕ ಅಲ್ಲಿಂದ ತೆಗೆಯಲಿಲ್ಲ.